ಗಿರಿಜಕ್ಕನ ಮಾತು ಸದನಕ್ಕೆ ಹೋದದ್ದು

ಬಿಸಿ ಪ್ಲಾಸ್ಟಿಕ್ಕಿನ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗಂತೂ ಅಭ್ಯಾಸವಾಗಿ ಹೋಗಿದೆ. ಕುಮಟಾ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯಲ್ಲಿ ಒಂದು ಹಳೆಯ ಲ್ಯಾಮಿನೇಶನ್ ಯಂತ್ರವಿದೆ. ಅದು ಬಿಸಿಯಾಗುವವರೆಗೆ ಗಿರಾಕಿ ಕಾಯಬೇಕು, ನಾನು ಮಾತಾಡಿಸುತ್ತಿರಬೇಕು. ಮೊನ್ನೆ ಒಬ್ಬ ಹೆಂಗಸು ಮಗಳ ಅಂಕಪಟ್ಟಿ ತಂದುಕೊಟ್ಟರು. ಯಂತ್ರದ ಆಚೆ ಬದಿಯಿಂದ ಅಂಕಪಟ್ಟಿ ನುಣ್ಣಗೆ ಹೊರಗೆ ಬರುವಾಗ ಆ ವಾಸನೆ ಮೂಗಿಗೆ ಬಂತು, ನನಗೆ ಗಿರಿಜಕ್ಕನ ಕಾಗದ ನೆನಪಾಯಿತು. ಆಧಾರ್, ಪಡಿತರ ಚೀಟಿ, ದೇವರ ಪಟ, ತೀರಿಹೋದ ಅಜ್ಜನ ಫೋಟೋ ಎಲ್ಲವನ್ನೂ ಜನ ಲ್ಯಾಮಿನೇಶನ್ ಮಾಡಿಸುತ್ತಾರೆ. ಲೋಕಸಭೆಯ ಕಾಗದವನ್ನು ಮಾಡಿಸಿದವಳು ಮಾತ್ರ, ನನಗೆ ಗೊತ್ತಿರುವಂತೆ, ಗಿರಿಜಕ್ಕ ಒಬ್ಬಳೇ.

ಅದನ್ನು ಹೇಳುವ ಮೊದಲು ನನ್ನ ಹುಚ್ಚಿನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಕಲಿತದ್ದು ಬಿ.ಕಾಂ. ರಾಜ್ಯಶಾಸ್ತ್ರದ ಗಂಧಗಾಳಿ ಇಲ್ಲ. ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಮ್ಮೆ ಭಟ್ಕಳದ ಮಾವನಿಗೂ ಹೊನ್ನಾವರದ ಚಿಕ್ಕಪ್ಪನಿಗೂ ಜಗಳ ಹತ್ತಿತು. ನಮ್ಮ ಸಂಸದರು ದಿಲ್ಲಿಯಲ್ಲಿ ಬಾಯಿಯೇ ಬಿಡುವುದಿಲ್ಲ ಎಂದು ಮಾವ, ಗುಡುಗುತ್ತಾರೆ ಎಂದು ಚಿಕ್ಕಪ್ಪ. ಇಬ್ಬರೂ ಒಂದೊಂದು ವಿಡಿಯೋ ಹಾಕಿದರು. ಎರಡೂ ಬೇರೆ ಯಾರದ್ದೋ ಆಗಿದ್ದವು. ಜಗಳ ಬಿಡಿಸೋಣ ಎಂದು ನಾನು ಲೋಕಸಭೆಯ ವೆಬ್‌ಸೈಟ್ ತೆರೆದೆ. ಒಬ್ಬೊಬ್ಬ ಸದಸ್ಯರಿಗೂ ಒಂದು ಪುಟ! ಯಾವ ದಿನ ಯಾವ ಮಂತ್ರಿಗೆ ಏನು ಕೇಳಿದರು, ಮಂತ್ರಿ ಏನು ಉತ್ತರ ಕೊಟ್ಟರು, ಎಲ್ಲವೂ ಅಲ್ಲಿತ್ತು. ಯಾರು ಬೇಕಾದರೂ ಓದಬಹುದು. ಅಲ್ಲಿಯವರೆಗೆ ನನಗೆ ಸಂಸತ್ತು ಎಂದರೆ ಟಿವಿಯಲ್ಲಿ ನಿಂತುಕೊಂಡು ಕೂಗುವವರ ಮನೆ. ಅದು ಇಷ್ಟು ಶಿಸ್ತಾಗಿ ಕಾಗದ ಇಟ್ಟುಕೊಳ್ಳುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಜಗಳ ಬಿಡಿಸುವುದು ಮರೆತೇಹೋಯಿತು. ಮಾವ ಚಿಕ್ಕಪ್ಪ ಈಗಲೂ ಮಾತಾಡುತ್ತಾರೆ, ಆದರೆ ಮದುವೆಮನೆಯಲ್ಲಿ ಮಾತ್ರ.

ಗೊಬ್ಬರದ ಅಂಗಡಿಯವರು ಕೊಟ್ಟ ಒಂದು ಡೈರಿ ಮನೆಯಲ್ಲಿ ಖಾಲಿ ಬಿದ್ದಿತ್ತು. ಅದರಲ್ಲಿ ಗೆರೆ ಹಾಕಿದೆ. ದಿನ, ಮಂತ್ರಾಲಯ, ವಿಷಯ, ಉತ್ತರ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಒಂದೊಂದೇ ಪ್ರಶ್ನೆ ತೆರೆದು ಬರೆದೆ. ಮೊದಮೊದಲು ಮಾಡಿದ ತಪ್ಪುಗಳನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಚೆನ್ನಾಗಿ ಕೇಳಿದ್ದಕ್ಕೆ ಸಭಾಧ್ಯಕ್ಷರು ಚುಕ್ಕೆ ಕೊಡುತ್ತಾರೆ ಎಂದುಕೊಂಡಿದ್ದೆ, ಬಾಲವಾಡಿಯಲ್ಲಿ ಟೀಚರ್ ಕೈಗೆ ನಕ್ಷತ್ರ ಬರೆಯುವ ಹಾಗೆ. ನಮ್ಮ ಸಂಸದರಿಗೆ ಚುಕ್ಕೆ ಕಡಿಮೆ ಇದ್ದದ್ದು ನೋಡಿ ಪಾಪ, ಇಂಗ್ಲಿಷ್ ತಪ್ಪುತ್ತದೋ ಏನೋ ಎಂದು ಮರುಗಿದ್ದೆ. ಮಂತ್ರಿ ಎದ್ದುನಿಂತು ಬಾಯಲ್ಲಿ ಉತ್ತರಿಸಬೇಕಾದದ್ದು ಚುಕ್ಕೆಯದ್ದು, ಬರಹದಲ್ಲಿ ಉತ್ತರ ಬರುವುದು ಚುಕ್ಕೆ ಇಲ್ಲದ್ದು ಎಂದು ತಿಳಿಯಲು ಒಂದು ಇಡೀ ಅಧಿವೇಶನ ಹಿಡಿಯಿತು. ತಿಳಿದ ಮೇಲೆ ನನ್ನಷ್ಟು ಗೊತ್ತಿದ್ದವರು ಈ ಜಿಲ್ಲೆಯಲ್ಲೇ ಇಲ್ಲ ಎಂಬ ಸೊಕ್ಕೂ ಬಂತು. ಮುಂದಿನದ್ದೆಲ್ಲ ಆಗಿದ್ದು ಆ ಸೊಕ್ಕಿನಿಂದ.

ಗಿರಿಜಕ್ಕ ನಮ್ಮ ಮನೆಯಿಂದ ಮೂರನೇ ಮನೆಯವಳು. ನಮ್ಮೂರು ಕುಮಟಾ ಮತ್ತು ಹೊನ್ನಾವರದ ನಡುವೆ, ಹೆದ್ದಾರಿಗೆ ಅಂಟಿಕೊಂಡೇ ಇದೆ. ಮನೆಗಳೆಲ್ಲ ಪಡುಬದಿ, ಗದ್ದೆಗಳೆಲ್ಲ ಮೂಡಬದಿ. ಭತ್ತ ಕೊಯ್ದ ಗದ್ದೆಗೆ ಈರುಳ್ಳಿ ಹಾಕುತ್ತಾರೆ. ಬೇಸಿಗೆಯಲ್ಲಿ ನೀವು ಈ ಕಡೆ ಬಂದಿದ್ದರೆ ನೋಡಿರುತ್ತೀರಿ, ಜಡೆ ಹೆಣೆದ ಹಾಗೆ ಹೆಣೆದು ರಸ್ತೆ ಬದಿಗೆ ತೂಗುಹಾಕಿದ ಸಿಹಿ ಈರುಳ್ಳಿ. ಹಾಗೆ ಹೆಣೆಯುವುದರಲ್ಲಿ ಗಿರಿಜಕ್ಕನ ಕೈ ನಮ್ಮೂರಲ್ಲಿ ಮೊದಲನೆಯದು. ಹೆಂಗಸರ ಸಂಘಕ್ಕೂ ಅವಳೇ ಮುಂದಾಳು. ಅವಳು ಒಂದು ಮಾತು ಹೇಳಿದರೆ ಉಳಿದವರು ಹೂಂ ಅನ್ನುವ ಕ್ರಮ.

ಹೆದ್ದಾರಿ ನಾಲ್ಕು ಸಾಲು ಆದ ಮೇಲೆ ನಡುವಿನ ಕಟ್ಟೆ ಬಂತು. ಮೊದಲು ದಾಟಲು ಬಿಟ್ಟಿದ್ದ ಜಾಗವನ್ನೂ ಆಮೇಲೆ ಮುಚ್ಚಿದರು. ತಿರುವು ಇರುವುದು ತುಂಬ ದೂರದಲ್ಲಿ. ಅಲ್ಲಿಗೆ ಹೋಗಿ ಸುತ್ತಿ ಬರುವವರು ಕಾರಿನವರು. ತಲೆಮೇಲೆ ಬುಟ್ಟಿ ಹೊತ್ತವರು ಕಟ್ಟೆ ಹತ್ತಿ ಇಳಿಯುತ್ತಿದ್ದರು. ಒಬ್ಬಳು ಮೇಲೆ ಹತ್ತಿ ನಿಂತು ಬುಟ್ಟಿ ಈಸಿಕೊಳ್ಳುವುದು, ಇನ್ನೊಬ್ಬಳು ಲಾರಿ ಬಂತೋ ಎಂದು ನೋಡುವುದು. ಕೆಳಗಿಂದ ದಾಟುವ ಒಂದು ದಾರಿ ಬೇಕು, ದನ ಹೋಗುವಷ್ಟು ಅಗಲ ಸಾಕು ಎಂದು ಸಂಘದವರು ಸಂಸದರಿಗೆ ಮನವಿ ಕೊಟ್ಟರು. ಅದನ್ನು ಟೈಪ್ ಮಾಡಿದವಳು ನಾನೇ. ಗಿರಿಜಕ್ಕ ಕುರ್ಚಿಯಲ್ಲಿ ಕೂತು ಹೇಳುತ್ತ ಹೋದಳು.

“ಬರಿ. ನಮ್ಮ ಒಲೆ ಪಡುಬದಿ, ನಮ್ಮ ಅಕ್ಕಿ ಮೂಡಬದಿ.”

“ಗಿರಿಜಕ್ಕ, ಹಾಂಗೆಲ್ಲ ಮನವಿಯಲ್ಲಿ ಬರೂದಿಲ್ಲ. ‘ಸಾರ್ವಜನಿಕರಿಗೆ ತೊಂದರೆ’ ಅಂತ ಹಾಕ್ತೆ.”

“ಸಾರ್ವಜನಿಕರು ಯಾರೆ? ದಾಟೂದು ನಾವು. ನಾ ಹೇಳಿದ್ದು ಬರಿ.”

ಬರೆದೆ, ಒಳಗೊಳಗೇ ನಗುತ್ತ. ಸಂಸದರು ಕುಮಟೆಗೆ ಬಂದ ದಿನ ಅವಳೇ ಮುಂದೆ ಹೋಗಿ ಕೈಗೆ ಕೊಟ್ಟಳು. ಆಮೇಲೆ ಸುಮಾರು ದಿನ ಸುದ್ದಿಯಿಲ್ಲ. ಹೆಂಗಸರು ಕಾದು ಕಾದು, ಇನ್ನು ಹೆದ್ದಾರಿ ಮೇಲೆ ಕೂರುವುದೇ ಸೈ, ಬರುವ ಸೋಮವಾರ ರಸ್ತೆತಡೆ ಎಂದು ತೀರ್ಮಾನಿಸಿದರು. ಅದೇ ವಾರ ಗಿರಿಜಕ್ಕನಿಗೆ ದಿಲ್ಲಿಯಿಂದ ಫೋನು. ಸಂಸದರ ಕಚೇರಿಯ ಯಾರೋ, ‘ನಿಮ್ಮ ವಿಷಯ ಸದನದಲ್ಲಿ ಎತ್ತಿದ್ದೇವೆ, ಉತ್ತರ ಬರುತ್ತದೆ’ ಎಂದರಂತೆ. ಅಷ್ಟೇ. ಗಿರಿಜಕ್ಕ ಸಂಘದವರಿಗೆ ಹೇಳಿದಳು, “ಉತ್ತರ ಬರೂವರೆಗೆ ರಸ್ತೆ ಮೇಲೆ ಕೂರೂದು ಬೇಡ. ನಾ ಹೇಳ್ತೆ, ಅವ್ರು ಕೇಳಿದ್ದಾರೆ.”

ಎಲ್ಲರೂ ಹೂಂ ಅಂದರು, ಪಾರ್ವತಕ್ಕನೊಬ್ಬಳನ್ನು ಬಿಟ್ಟು. ಪಾರ್ವತಕ್ಕನ ಮಗಳು ಸಾಲೆಗೆ ಹೋಗುವಾಗ ಅದೇ ಕಟ್ಟೆಯಿಂದ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡಿದ್ದಳು. ಹಾಗಾಗಿ ಅವಳ ಸಿಟ್ಟಿಗೆ ಕಾರಣವಿತ್ತು. ಅಂಗನವಾಡಿಯಲ್ಲಿ ಸಂಘದ ಸಭೆ ನಡೆಯುವ ದಿನ ಅವಳು ನನ್ನನ್ನು ಕರೆಸಿದಳು.

“ಏ ತಂಗಿ, ನೀನು ಎಂತದೋ ದಿಲ್ಲಿದು ಬರ್ಕಂತೆ ಅಂತ ನಿನ್ನ ಅಮ್ಮ ಹೇಳ್ತಿತ್ತು. ನೋಡಿ ಹೇಳು, ಅವ್ರು ಕೇಳಿದ್ದು ಹೌದಾ?” (ನಮ್ಮ ಕಡೆ ಹೆಂಗಸರ ಮಾತು ಬಂದರೆ ‘ಅದು’ ಎನ್ನುವುದೇ ರೂಢಿ.)

ನನ್ನ ಡೈರಿಯನ್ನು ನೋಡಬೇಕು ಎಂದು ಕೇಳಿದವರಲ್ಲಿ ಅವಳೇ ಮೊದಲನೆಯವಳು! ಆ ಖುಷಿಗೆ ನಾನು ಏನು ಮಾಡಿದೆ ಕೇಳಿ. ಎರಡು ದಿನ ಪೂರ್ತಿ ಕೂತು ಆ ಅಧಿವೇಶನದ ಪ್ರಶ್ನೆಗಳನ್ನೆಲ್ಲ ಮತ್ತೊಮ್ಮೆ ಜಾಲಾಡಿದೆ. ಹೆದ್ದಾರಿ ಮಂತ್ರಾಲಯಕ್ಕೆ ಕೇಳಿದ ಪ್ರಶ್ನೆಗಳಿದ್ದವು, ನಮ್ಮೂರಿನದ್ದಿಲ್ಲ. ಶೂನ್ಯವೇಳೆಯ ವಿಡಿಯೋಗಳನ್ನು ವೇಗ ಹೆಚ್ಚು ಮಾಡಿ ನೋಡಿದೆ. ದೇಶದ ಸಂಸದರೆಲ್ಲ ಅಳಿಲಿನ ದನಿಯಲ್ಲಿ ಮಾತಾಡಿದರು, ನಮ್ಮವರು ಎದ್ದು ನಿಂತದ್ದು ಕಾಣಲಿಲ್ಲ. ಡೈರಿ ಹಿಡಿದು ಮುಂದಿನ ಸಭೆಗೆ ಹೋದೆ. ಚಾಪೆಯ ಮೇಲೆ ಎಲ್ಲರೂ ಕೂತಿದ್ದರು. ಗೋಡೆಯಲ್ಲಿ ಆನೆ, ಒಂಟೆ, ಅಳಿಲಿನ ಚಿತ್ರ. ನಾನು ಪುಟ ತಿರುವಿ, ಚುಕ್ಕೆಯದ್ದೆಂದರೆ ಏನು, ಚುಕ್ಕೆ ಇಲ್ಲದ್ದೆಂದರೆ ಏನು ಎಂದು ಪಾಠವನ್ನೂ ಮಾಡಿ, ಕೊನೆಗೆ ಹೇಳಿದೆ.

“ಇಲ್ಲ. ಕೇಳಿಲ್ಲ. ಒಂದ್ಸಲನೂ ಇಲ್ಲ.”

ಪಾರ್ವತಕ್ಕ ಗಿರಿಜಕ್ಕನ ಕಡೆ ತಿರುಗಿದಳು. “ಕೇಳ್ತಾ? ಒಂದು ಫೋನ್ ಬಂದ್ಕೂಡ್ಲೆ ನಮ್ಮನ್ನೆಲ್ಲ ಮನೇಲಿ ಕೂರಿಸ್ದೆ. ದಿಲ್ಲಿಯವ್ರು ಅಂದ್ರೆ ನಿಂಗೆ ಅಷ್ಟು ಮರ್ಯಾದಿ!”

ಗಿರಿಜಕ್ಕ ನನ್ನನ್ನು ನೋಡಿದಳು. “ಸರಿಯಾಗಿ ನೋಡಿದ್ಯಾ ತಂಗಿ?”

“ಎಲ್ಲ ನೋಡಿದ್ದೆ ಗಿರಿಜಕ್ಕ.”

“ಆತು,” ಎಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದಳು. ಬರುವ ಸೋಮವಾರವೇ ರಸ್ತೆತಡೆ ಎಂದು ಅಲ್ಲೇ ತೀರ್ಮಾನವಾಯಿತು. ಅವಳಿಲ್ಲದೆ ಆದ ಮೊದಲ ತೀರ್ಮಾನ ಅದು.

ಮನೆಗೆ ಬಂದು ಅಮ್ಮನ ಹತ್ತಿರ ದೊಡ್ಡದಾಗಿ ಹೇಳಿಕೊಂಡೆ. ಅಮ್ಮ ಹುರುಳಿಕಾಳು ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು, “ಗಿರಿಜನ ಕಿವಿಲಿ ಮೊದ್ಲು ಹೇಳಕಾಗಿತ್ತಲ್ಲೆ?”

“ನಿಜ ಹೇಳೂದಕ್ಕೆ ಕಿವಿ ಎಂತಕ್ಕೆ?”

“ಹ್ಞಾ, ನಿಜ ಆಗಿದ್ರೆ ಸರಿ,” ಎಂದಳು ಅಮ್ಮ. ಅವಳಿಗೆ ಗಿರಿಜಕ್ಕನ ಮಾತಿನ ಮೇಲೆ ವಿಶ್ವಾಸವೋ, ನನ್ನ ವೆಬ್‌ಸೈಟಿನ ಮೇಲೆ ಅಪನಂಬಿಕೆಯೋ, ಈಗಲೂ ಕೇಳಿಲ್ಲ.

ಶನಿವಾರ ಮಧ್ಯಾಹ್ನ ಭಟ್ಕಳದ ಒಬ್ಬ ಹುಡುಗ ಅಂಗಡಿಗೆ ಬಂದ. ಯಾವುದೋ ಪರೀಕ್ಷೆಗೆ ಓದುತ್ತಿರುವವನು. ಫೋನಿನಲ್ಲಿ ಅವರ ಮನೆಮಾತು ನವಾಯತಿಯಲ್ಲಿ ಯಾರಿಗೋ ಬೈಯುತ್ತ, ಇನ್ನೊಂದು ಕೈಯಲ್ಲಿ ಪೆನ್‌ಡ್ರೈವ್ ಕೊಟ್ಟ. ಸಂಸತ್ತಿನ ನಡಾವಳಿಯ ಬಗ್ಗೆ ಒಂದು ರಾಶಿ ಟಿಪ್ಪಣಿ. ಪ್ರಿಂಟ್ ತೆಗೆಯುವಾಗ ಗಿರಾಕಿಯ ಕಾಗದ ಓದಬಾರದು ಎಂದು ನಮ್ಮ ಮಾಲಕರ ಕಟ್ಟಪ್ಪಣೆ. ಆದರೆ ನನ್ನ ಊಟವನ್ನೇ ನನ್ನೆದುರು ಬಡಿಸಿದ ಹಾಗೆ ಇದ್ದರೆ ಹೇಗೆ ಬಿಡುವುದು? ಓದಿದೆ. ಪ್ರಶ್ನೋತ್ತರ, ಶೂನ್ಯವೇಳೆ, ಎಲ್ಲ ಗೊತ್ತಿದ್ದದ್ದೇ. ಮುಂದಿನ ಹಾಳೆ ಬಂತು. ನಿಯಮ ಮುನ್ನೂರ ಎಪ್ಪತ್ತೇಳು.

“ಇದು ಎಂತದು?” ಎಂದು ಕೇಳಿಯೇಬಿಟ್ಟೆ.

ಅವನು ಫೋನು ಇಟ್ಟ. “ಅದಾ? ತಮ್ಮ ಕ್ಷೇತ್ರದ ವಿಷಯ ಸದನದ ಗಮನಕ್ಕೆ ತರೋದು ಸಿಸ್ಟರ್. ಪ್ರಶ್ನೆ ಅಲ್ಲ ಅದು. ಬರೆದು ಕೊಡ್ತಾರೆ.”

“ಎದ್ದು ನಿಂತು ಓದೂದಿಲ್ವಾ?”

“ಓದಬಹುದು. ಟೈಮ್ ಇಲ್ಲದಿದ್ರೆ ಸದನದ ಮೇಜಿನ ಮೇಲೆ ಇಟ್ರೂ ಆಯ್ತು. ಮಾತಾಡಿದ ಲೆಕ್ಕವೇ. ಆಮೇಲೆ ಮಂತ್ರಿ ಕಾಗದ ಬರೀತಾರೆ.” ಅವನು ನನ್ನ ಮುಖ ನೋಡಿದ. “ಯಾಕೆ, ನಿಮಗೂ ಎಕ್ಸಾಮ್ ಇದೆಯಾ?”

ಇತ್ತು ನೋಡಿ. ಅವನ ಕಾಗದಗಳನ್ನು ಜೋಡಿಸಿ ಪಿನ್ ಹೊಡೆಯುವಾಗ ಒಂದು ನನ್ನ ಹೆಬ್ಬೆರಳಿಗೇ ಹೋಯಿತು. ಅವನು ಹೋದ ಕೂಡಲೇ ನಮ್ಮ ಸಂಸದರ ಪುಟ ತೆರೆದೆ. ನಾನು ಅಷ್ಟು ದಿನ ಒತ್ತುತ್ತಿದ್ದದ್ದು ಪ್ರಶ್ನೆಗಳ ಗುಂಡಿಯನ್ನು ಮಾತ್ರ. ಅದರ ಪಕ್ಕದಲ್ಲೇ ಬೇರೆ ಗುಂಡಿಗಳಿದ್ದವು. ಒಂದನ್ನು ಒತ್ತಿದೆ. ಅಲ್ಲಿತ್ತು. ನಮ್ಮೂರ ಹೆಸರು, ತಾಲೂಕಿನ ಹೆಸರು, ಹೆದ್ದಾರಿಯ ಕೆಳಗೆ ದಾರಿ ಬೇಕು ಎಂಬ ಬೇಡಿಕೆ. ಫೋನು ಬಂದ ವಾರದ್ದೇ. ಅವರು ಎದ್ದು ನಿಂತಿರಲಿಲ್ಲ, ಬಾಯಿ ತೆರೆದಿರಲಿಲ್ಲ. ಕಾಗದವನ್ನು ಮೇಜಿನ ಮೇಲೆ ಇಟ್ಟಿದ್ದರು. ಇಂಗ್ಲಿಷಿನಲ್ಲಿ ಓದುತ್ತ ಹೋದೆ. ನಡುವೆ ಒಂದು ಸಾಲಿಗೆ ಬಂದು ನಿಂತೆ. ಇಲ್ಲಿಯ ಜನರ ಒಲೆ ಹೆದ್ದಾರಿಯ ಪಶ್ಚಿಮಕ್ಕೆ, ಅಕ್ಕಿ ಪೂರ್ವಕ್ಕೆ ಎಂದಿತ್ತು. ನಾನು ತೆಗೆಯಲು ಹೊರಟಿದ್ದ ಸಾಲು! ‘ಸಾರ್ವಜನಿಕರಿಗೆ ತೊಂದರೆ’ ಎಂದು ಹಾಕಿದ್ದರೆ ಎಷ್ಟೋ ಊರುಗಳ ತೊಂದರೆಯಲ್ಲಿ ಅದೂ ಒಂದಾಗಿ ಹೋಗುತ್ತಿತ್ತೇನೋ.

ಪ್ರಿಂಟ್ ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಗಿರಿಜಕ್ಕನ ಮನೆಗೆ ಹೋದೆ. ಜಗಲಿಯಲ್ಲಿ ಕಾಲು ಚಾಚಿ ಕೂತು ಈರುಳ್ಳಿ ಹೆಣೆಯುತ್ತಿದ್ದಳು. ಸುತ್ತ ಕೆಂಪು ಸಿಪ್ಪೆ. ನಾನು ನಿಂತೇ ಎಲ್ಲ ಒದರಿದೆ. ನಿಯಮ, ಮೇಜು, ಗುಂಡಿ, ನನ್ನ ತಪ್ಪು. ಆ ಒಲೆಯ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಹೆಣೆಯತೊಡಗಿತು.

“ತಪ್ಪಾತು ಗಿರಿಜಕ್ಕ,” ಎಂದೆ.

“ನಂಗೆ ಎಂತಕ್ಕೆ ಹೇಳ್ತೆ? ನಂಗೆ ಮೊದ್ಲೇ ಗೊತ್ತಿತ್ತು. ಯಾರೆದ್ರಿಗೆ ಇಲ್ಲ ಅಂದ್ಯೋ ಅವ್ರೆದ್ರಿಗೆ ಹೇಳು.”

“ನೀನೂ ಬಾ.”

“ನಾ ಬಂದ್ರೆ ನಾನೇ ಕಲಿಸಿ ಕರ್ಕಂಡು ಬಂದಿದ್ದೆ ಅಂತಾರೆ. ನೀ ಹೋಗು.” ಈರುಳ್ಳಿ ಪಕ್ಕಕ್ಕೆ ಸರಿಸಿ, “ಚಾ ಕುಡ್ಕಂಡು ಹೋಗು. ಮುಖ ನೋಡು, ಬೆಳ್ಳಗಾಗಿ ಹೋಗೀದೆ,” ಎಂದಳು.

ಸಂಜೆ ಅಂಗನವಾಡಿಯಲ್ಲಿ ಹೆಂಗಸರು ಮಾರನೆಯ ದಿನಕ್ಕೆ ಯಾರು ಎಲ್ಲಿ ಕೂರುವುದು ಎಂದು ಮಾತಾಡುತ್ತಿದ್ದರು. ಒಬ್ಬಳು ಚಾಪೆ ತರಬೇಕು, ಡಾಂಬರು ಬಿಸಿ ಎನ್ನುತ್ತಿದ್ದಳು. ನಾನು ಆ ಆನೆ ಒಂಟೆಗಳ ಕೆಳಗೆ ನಿಂತುಕೊಂಡೆ. ಈ ಸಲ ಪಾಠ ಮಾಡಲಿಲ್ಲ. “ಅವತ್ತು ಇಲ್ಲ ಅಂದಿದ್ದು ನನ್ನ ತಪ್ಪು. ಕೇಳಿದ್ದಾರೆ. ಗಿರಿಜಕ್ಕ ಹೇಳಿದ್ದು ಸರಿ,” ಎಂದು ಕಾಗದ ಓದಿದೆ. ಒಲೆ ಅಕ್ಕಿಯ ಸಾಲು ಬಂದಾಗ ಮೂಲೆಯಲ್ಲಿದ್ದ ಒಬ್ಬಳು, “ಅಯ್ಯೊ, ಅದು ಗಿರಿಜನ ಮಾತೇಯ! ಅದು ಎಲ್ಲರ ಹತ್ರನೂ ಹಾಂಗೇ ಹೇಳೂದು,” ಎಂದಳು. ಎಲ್ಲರೂ ನಕ್ಕರು. ಪಾರ್ವತಕ್ಕ ನಗಲಿಲ್ಲ.

“ಮೇಜಿನ ಮೇಲೆ ಇಟ್ಟದ್ದಾ? ನಮ್ಮನೇಲಿ ಮೇಜಿನ ಮೇಲೆ ಇಟ್ಟ ಕಾಗದ ವರ್ಷಾದ್ರೂ ಯಾರೂ ಮುಟ್ಟೂದಿಲ್ಲ.”

“ಇದಕ್ಕೆ ಮಂತ್ರಿ ಉತ್ತರ ಬರೀಬೇಕು ಪಾರ್ವತಕ್ಕ. ಬರ್ದ್ರೆ ನಾ ಹುಡುಕಿ ತರ್ತೆ.”

“ನೀ ಹುಡುಕೂದು ಗೊತ್ತಿದ್ದು ನಂಗೆ!” ಎಂದಳು. ನನಗೆ ಅದು ಸಲ್ಲಬೇಕಾದದ್ದೇ. ಆದರೆ ಅವಳು ಎದ್ದಳು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಎಲ್ಲಿಗೆ ಎಂದು ಕೇಳಿದವರಿಗೆ, “ಗಿರಿಜನ ಕರ್ಕಂಡು ಬತ್ತೆ. ನಾಳೆ ಕೂರೂದೋ ಬೇಡ್ವೋ ಅದು ಬಂದು ಹೇಳ್ಲಿ,” ಎಂದಳು.

ಹೊರಗೆ ನಿಂತು ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಒಳಗೆ ಬಂದಾಗ ಪಾರ್ವತಕ್ಕನ ಕೈಯಲ್ಲಿ ಒಂದು ಜಡೆ ಈರುಳ್ಳಿ ಇತ್ತು. ಸೋಮವಾರ ಯಾರೂ ರಸ್ತೆಯ ಮೇಲೆ ಕೂರಲಿಲ್ಲ. ಆ ಕಾಗದವನ್ನೇ ಗಿರಿಜಕ್ಕ ಮರುದಿನ ಅಂಗಡಿಗೆ ತಂದು, “ಮಳೆಗಾಲದಲ್ಲಿ ಹಾಳಾಗೂದು ಬೇಡ, ಪ್ಲಾಸ್ಟಿಕ್ ಹಾಕು,” ಎಂದದ್ದು. ಒಂದು ಅಕ್ಷರ ಇಂಗ್ಲಿಷ್ ಬಾರದವಳು ಯಂತ್ರ ಬಿಸಿಯಾಗುವವರೆಗೆ ಅದನ್ನು ನೆಟ್ಟಗೆ ಹಿಡಿದುಕೊಂಡೇ ನಿಂತಿದ್ದಳು.

ಮಂತ್ರಿಯ ಉತ್ತರ ಮಳೆಗಾಲ ಕಳೆದ ಮೇಲೆ ಬಂತು. ದೊಡ್ಡದೇನಲ್ಲ, ಸ್ಥಳ ಪರಿಶೀಲನೆ ಮಾಡಲಾಗುವುದು ಎಂದು. ಬಂದರು ಕೂಡ. ಟೇಪು ಹಿಡಿದುಕೊಂಡ ಇಬ್ಬರು, ಛತ್ರಿ ಹಿಡಿದ ಒಬ್ಬ ಸಾಹೇಬರು. ಎಲ್ಲಿ ಬೇಕು ಎಂದು ಅವರು ಕೇಳುವ ಮೊದಲೇ ಗಿರಿಜಕ್ಕ ಹೋಗಿ ನಿಂತು, ಕಾಲ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದಳಂತೆ. “ಇಲ್ಲಿ. ದನ ತಲೆ ಬಗ್ಗಿಸೂದು ಬೇಡ, ಅಷ್ಟು ಎತ್ತರ.” ಅದಾಗಿ ಇದು ಮೂರನೇ ಬೇಸಿಗೆ. ಕೆಳದಾರಿ ಇನ್ನೂ ಆಗಿಲ್ಲ. ಮುಚ್ಚಿದ್ದ ಜಾಗವನ್ನು ನಡೆದು ಹೋಗುವಷ್ಟು ತೆರೆದುಕೊಟ್ಟಿದ್ದಾರೆ, ಎರಡೂ ಬದಿಗೆ ದೀಪ ಬಂದಿದೆ. ಕಟ್ಟೆ ಹತ್ತುವ ಕೆಲಸವಿಲ್ಲ. ಇಷ್ಟಾದದ್ದಕ್ಕೇ ನಮ್ಮೂರಿನ ಹೆಂಗಸರು ದಾಟುವಾಗ ಈಗ ಮಾತಾಡಿಕೊಂಡು ದಾಟುತ್ತಾರೆ. ಮೊದಲು ಉಸಿರು ಹಿಡಿದು ಓಡುತ್ತಿದ್ದರು.

ನಾನು ಈಗಲೂ ಬರೆದುಕೊಳ್ಳುತ್ತೇನೆ. ಡೈರಿ ಬದಲಾಗಿದೆ, ಗೆರೆಗಳು ಹೆಚ್ಚಾಗಿವೆ. ಯಾರಾದರೂ ‘ಅವರು ಕೇಳಿದ್ದಾರಾ’ ಎಂದು ಬಂದರೆ ‘ಇಲ್ಲ’ ಎನ್ನುವುದನ್ನು ಬಿಟ್ಟಿದ್ದೇನೆ. ‘ನನಗೆ ಇನ್ನೂ ಸಿಕ್ಕಿಲ್ಲ’ ಎನ್ನುತ್ತೇನೆ.

ಈ ಭಾನುವಾರ ಸಂಘದವರು ಮತ್ತೊಂದು ಮನವಿ ಬರೆಸಿದರು. ಹೇಳಿದವಳು ಗಿರಿಜಕ್ಕ, ಟೈಪ್ ಮಾಡಿದವಳು ನಾನು.

“ಮೊದ್ಲು ಧನ್ಯವಾದ ಹಾಕು. ಕೇಳಿದ್ದು ಕೇಳಿದ್ದೇ. ಆಮೇಲೆ ಕೆಳಗೆ ಬರಿ, ಅಳತೆ ಮಾಡ್ಕಂಡು ಹೋದವ್ರು ಮತ್ತೆ ಬರ್ಲಿಲ್ಲ, ದಯವಿಟ್ಟು ಇನ್ನೊಮ್ಮೆ ಕೇಳಿ.”

“ಇನ್ನೊಮ್ಮೆ ಕೇಳದಿದ್ರೆ?” ಎಂದಳು ಪಾರ್ವತಕ್ಕ.

“ನಾವು ಇನ್ನೊಮ್ಮೆ ಬರ್ಯೂದು. ಕೈ ನೋಯ್ತದಾ ನಿಂಗೆ?”

“ಬರ್ಯೂದು ಅದು,” ಎಂದು ಪಾರ್ವತಕ್ಕ ನನ್ನ ಕಡೆ ಬೆರಳು ತೋರಿಸಿದಳು. ಈಗ ಅವಳೂ ನಗುತ್ತಾಳೆ.

ಒಬ್ಬೊಬ್ಬರೇ ಸಹಿ ಹಾಕಿದರು. ಗಿರಿಜಕ್ಕ ಮೊದಲು, ಅದರ ಕೆಳಗೆ ಪಾರ್ವತಕ್ಕ. ಎಲ್ಲರದ್ದೂ ಆದ ಮೇಲೆ ನಾನು ಕಾಗದವನ್ನು ಲಕೋಟೆಗೆ ಹಾಕಲು ಮಡಚುತ್ತಿದ್ದೆ.

“ನಿಂದು ಎಲ್ಲಿ?” ಎಂದಳು ಗಿರಿಜಕ್ಕ.

“ನಂದು ಎಂತಕ್ಕೆ? ನಾನು ಬರೀ ಟೈಪ್ ಮಾಡಿದ್ದು.”

“ಸಂಜೆ ಕುಮಟೆಯಿಂದ ಬಂದು ಬಸ್ಸಿಳಿಯೂದು ಎಲ್ಲಿ ನೀನು? ಆಚೆ ಬದಿಲಿ ಅಲ್ದ? ಹಾರ್ಕಂಡು ಬತ್ಯಾ ಮನೆಗೆ?”

ನಾನು ಕಾಗದದ ಮಡಿಕೆ ಬಿಡಿಸಿ ಪೆನ್ನು ಹಿಡಿದೆ. ಇಷ್ಟು ವರ್ಷ ಬೇರೆಯವರು ಕೇಳಿದ್ದನ್ನೆಲ್ಲ ದಿನ, ವಿಷಯ ಹಾಕಿ ಬರೆದುಕೊಂಡಿದ್ದೇನೆ. ನಾನಾಗಿ ಯಾರನ್ನೂ ಏನನ್ನೂ ಕೇಳಿರಲಿಲ್ಲ. ಹಿಂದಿನ ಮನವಿಯಲ್ಲೂ ನನ್ನ ಹೆಸರಿರಲಿಲ್ಲ. ಅದೇ ರಸ್ತೆಯನ್ನು ನಾನೂ ದಿನಾ ದಾಟುತ್ತಿದ್ದೆ. ಕಾಗದದ ತುದಿಯಲ್ಲಿ ಉಳಿದಿದ್ದ ಜಾಗದಲ್ಲಿ ಸಹಿ ಹಾಕಿದೆ.

ಗಿರಿಜಕ್ಕ ಬಗ್ಗಿ ನೋಡಿದಳು. “ಎಂತದೆ ಇದು, ಇರುವೆ ಹೋದ ಹಾಂಗೆ? ದಿಲ್ಲಿಯವ್ರಿಗೆ ಓದೂಕೆ ಬರೂದು ಬೇಡ್ವಾ? ಕೆಳಗೆ ಹೆಸ್ರು ಬರಿ. ಬಿಡಿಸಿ, ದೊಡ್ಡಕೆ ಬರಿ.”

ಬರೆದೆ. ಬಿಡಿಸಿ, ದೊಡ್ಡದಾಗಿ, ಊರಿನ ಹೆಸರನ್ನೂ ಸೇರಿಸಿ.